ಮರಿಗಾಗಿ ಸಾಕುವ ಕೋಳಿಗಳ ಆಹಾರ ವಿಚಾರ

ಬಿತ್ತನೆಯ ಬೀಜದ ವಿಷಯದಲ್ಲಿ ಕನ್ನಡನಾಡಿನ ರೈತನು ತೋರಿಸುವ ಎಚ್ಚರಿಕೆಯು ಸರ್ವವಿದಿತವಾದುದು. ರಾಗಿಯ ಕಣದಲ್ಲಿ ದಪ್ಪನಾದ ತೆನೆಗಳನ್ನು ಆರಿಸಿ ಬೇರೆಯಾಗಿ ಇಡುವನು. ಬತ್ತದ ಒಟ್ಟಲಿಗೆ ತಿಪ್ಪೆಯ ಗೊಬ್ಬರದಲ್ಲೆಲ್ಲಾ ಚೆನ್ನಾಗಿ ಕೊಳೆತುದನ್ನು ಹಾಕುವನು. ಬೀಜದ ಹೋರಿಗೆ ಹುರುಳಿಯನ್ನೂ ಹಿಂಡಿಯನ್ನೂ ತಪ್ಪದೆ ತಿನ್ನಿಸುವನು. ಮೂಲವು ಬಡವಾದರೆ ಸಂತಾನವೂ ಬಡವಾಗುವುದೆಂಬ ತತ್ತ್ವವನ್ನು ಅವನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಹೀಗಿದ್ದರೂ ಕೋಳಿಯ ವಿಷಯ ಬಂದಾಗ ಮಾತ್ರ ಈ ವಿವೇಕವು ಮರೆತುಹೋಗುವುದು ಆಶ್ಚರ್ಯಕರವಾಗಿದೆ.

ಹನ್ನೆರಡು ಮೊಟ್ಟೆಗಳನ್ನು ಕಾವಿಗೆ ಇಟ್ಟು, ಇಪ್ಪತ್ತೊಂದು ದಿನ ಕಾದು, ಕೊನೆಗೆ ನಾಲ್ಕೈದು ಮರಿಗಳು ಮಾತ್ರ ಹೊರಬಿದ್ದಾಗ, ಮನೆಯವರು ಹುಂಜಕ್ಕೆ ಮುಪ್ಪು ಬಂದಿತೆನ್ನುವರು. ಕಾವುಕೋಳಿಯು ಎದ್ದೆದ್ದು ಹೋಯಿತೆನ್ನುವರು. ಗುಡುಗಿಗೆ ಮೊಟ್ಟೆ ಕೆಟ್ಟಿತೆನ್ನುವರು. ಯಾರದೋ ಕಣ್ಣು ತಗುಲಿತೆಂದು ಹೇಳುವುದೂ ಉಂಟು. ಆ ಮೊಟ್ಟೆಗಳನ್ನಿಟ್ಟ ಹೇಂಟೆಯು ಹಿಂದಿನ ಒಂದು ತಿಂಗಳು ಏನನ್ನು ತಿಂದಿತ್ತೆಂದು ಕೇಳುವವರು ಮಾತ್ರ ಅಪರೂಪ. ಮರಿಯು ಮೊಟ್ಟೆಯೊಳಗಿರುವ ಇಪ್ಪತ್ತೊಂದು ದಿನಗಳಲ್ಲಿ ಹೊರಗಿನಿಂದ ಅದಕ್ಕೆ ದೊರೆಯುವುದು ಗಾಳಿಯೂ ಕಾವೂ ಮಾತ್ರ. ಉಳಿದುದೆಲ್ಲವನ್ನೂ ತಾಯಿಯು ಮೊದಲೇ ಕಟ್ಟಿಕೊಟ್ಟ ಬುತ್ತಿಯಿಂದಲೇ ಅದು ಪಡೆಯಬೇಕು. ಬುತ್ತಿಯಲ್ಲಿ ಒಂದು ಪದಾರ್ಥವು ಕಡಮೆಯಾದರೂ ಮರಿಯು ಅದನ್ನು ಬೇಡಿ ತರಲಾರದು. ಆದುದರಿಂದ ಮರಿಯು ಕಡಮೆಯಾದಾಗ ಮೊದಲು ಪರೀಕ್ಷಿಸತಕ್ಕುದು ತಾಯಿಕೋಳಿಯ ಮೇವಿನ ತೊಟ್ಟಿಯನ್ನೇ ಹೊರತು ಪಂಚಾಂಗವನ್ನಲ್ಲ.

ಹಿಂದಿನವರು ಏನು ಕೊಡುತ್ತಿದ್ದರು?

ಇದಕ್ಕೆ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಬರುವ ಆಕ್ಷೇಪಣೆಯು ಒಂದಿದೆ. “ಅಜ್ಜಿಯ ಕಾಲದಲ್ಲಿ ಯಾರೂ ಕೋಳಿಗೆ ಅಳತೆ ಮಾಡಿ ಮೇವು ಹಾಕಲಿಲ್ಲ, ಆದರೂ ಹನ್ನೆರಡು ಮೊಟ್ಟೆಗೆ ಹತ್ತು ಮರಿ ಆಗುತ್ತಿತ್ತು” ಎಂಬುದೇ ಆ ಆಕ್ಷೇಪಣೆ. ಮಾತು ಸುಳ್ಳಲ್ಲ, ಆದರೆ ಅದರ ಕಾರಣವನ್ನು ವಿಚಾರಿಸಬೇಕು. ನಾಟಿ ಹೇಂಟೆಯು ವರ್ಷಕ್ಕೆ 50-60 ಮೊಟ್ಟೆಗಳನ್ನು, ಅದೂ ನಡುನಡುವೆ ಬಿಡುವು ಮಾಡಿಕೊಂಡು, ಇಡುವಂಥದು. ಬೆಳಗಿನಿಂದ ಸಂಜೆಯವರೆಗೆ ಅದು ತಿಪ್ಪೆಯನ್ನು ಕೆದಕಿ ಹುಳುವನ್ನೂ, ಬೇಲಿಯ ಬುಡದಲ್ಲಿ ಗೆದ್ದಲನ್ನೂ, ಹಿತ್ತಲಿನಲ್ಲಿ ಎಳೆಯ ಸೊಪ್ಪನ್ನೂ, ಕಣದಲ್ಲಿ ಚೆಲ್ಲಿದ ಕಾಳನ್ನೂ ಆರಿಸಿ ತಿನ್ನುತ್ತಿತ್ತು; ಬಿಸಿಲಿನಲ್ಲಿ ಮೈಯೊಡ್ಡಿ ಧೂಳಿನಲ್ಲಿ ಹೊರಳುತ್ತಿತ್ತು. ಯಾರೂ ಅಳೆದು ಹಾಕದಿದ್ದರೂ ಅದರ ಆಹಾರವು ಹತ್ತಾರು ಬಗೆಯದಾಗಿತ್ತು. ಕೊಟ್ಟವನು ಮನುಷ್ಯನಲ್ಲದಿದ್ದರೂ ಕೊಟ್ಟುದು ಪೂರ್ಣವಾಗಿತ್ತು.

ಈಗಿನ ಸ್ಥಿತಿಯು ಬೇರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಗೊಂಡ ಗಿರಿರಾಜ, 2005ರಲ್ಲಿ ಹೊರಬಂದ ಸ್ವರ್ಣಧಾರ ಮುಂತಾದ ತಳಿಗಳು ನಾಟಿಕೋಳಿಯ ಎರಡರಷ್ಟಕ್ಕಿಂತಲೂ ಹೆಚ್ಚು ಮೊಟ್ಟೆಯಿಡತಕ್ಕವು. ಅನೇಕರು ಇವುಗಳನ್ನೂ, ಇವುಗಳ ಮಿಶ್ರಸಂತಾನವನ್ನೂ ಬಲೆಯ ಆವರಣದೊಳಗೆ ಕೂಡಿಹಾಕಿ ಸಾಕುವರು. ರಾಗಿಯನ್ನೋ ನುಚ್ಚನ್ನೋ ತೌಡನ್ನೋ ಎರಚಿ ಕರ್ತವ್ಯವು ತೀರಿತೆಂದು ತಿಳಿಯುವರು. ತಿಪ್ಪೆಯೂ ಹಿತ್ತಲೂ ಒದಗಿಸುತ್ತಿದ್ದುದೆಲ್ಲವೂ ಆವರಣದ ಹೊರಗೇ ಉಳಿಯಿತು. ಮೊಟ್ಟೆಯ ಹೊರೆಯನ್ನು ಇಮ್ಮಡಿಯಾಗಿಸಿ, ಮೇವಿನ ಬಗೆಗಳನ್ನು ಹತ್ತರಿಂದ ಎರಡಕ್ಕೆ ಇಳಿಸಿದರೆ ಆಗಬಹುದಾದುದೇನೆಂಬುದನ್ನು ವಿವರಿಸಬೇಕಾದುದಿಲ್ಲ.

ಮೊಟ್ಟೆಯ ಸಂಖ್ಯೆಯೂ ಮರಿಯ ಸಂಖ್ಯೆಯೂ

ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದುಂಟು. ಆಹಾರದ ಕೊರತೆಗಳೆಲ್ಲವೂ ಒಂದೇ ವಿಧವಾಗಿ ಪ್ರಕಟವಾಗುವುದಿಲ್ಲ. ಹೇಂಟೆಗೆ ಶಕ್ತಿ ಕೊಡುವ ಧಾನ್ಯವಾಗಲಿ, ದೇಹವನ್ನು ಕಟ್ಟುವ ಸಸಾರಜನಕ ಪದಾರ್ಥವಾಗಲಿ ಕಡಮೆಯಾದರೆ ಅದು ಮೊಟ್ಟೆಯಿಡುವುದನ್ನೇ ಕಡಮೆ ಮಾಡುವುದು. ಮೊಟ್ಟೆಯ ಗಾತ್ರವೂ ಕುಗ್ಗುವುದು. ಇದು ಬುಟ್ಟಿಯನ್ನು ನೋಡಿದೊಡನೆಯೇ ಯಜಮಾನನಿಗೆ ಗೊತ್ತಾಗುವುದು. ಆದರೆ ಜೀವಸತ್ವಗಳೂ ಸೂಕ್ಷ್ಮ ಲವಣಗಳೂ ಕಡಮೆಯಾದಾಗ ಹೇಂಟೆಯು ಕೆಲವು ಕಾಲ ಎಂದಿನಂತೆಯೇ ಮೊಟ್ಟೆಯಿಡುತ್ತಿರುವುದು. ಮೊಟ್ಟೆಯು ನೋಡುವುದಕ್ಕೆ ದುಂಡಗೂ ಶುಭ್ರವಾಗಿಯೂ ಇರುವುದು, ಪಲ್ಯಕ್ಕೆ ಒದಗುವುದು, ಪೇಟೆಯಲ್ಲಿ ಬೆಲೆಯೂ ಸಿಕ್ಕುವುದು. ಮರಿ ಮಾತ್ರ ಅದರೊಳಗೆ ಬದುಕುವುದಿಲ್ಲ. ಯಜಮಾನನು ಮೋಸಹೋಗುವುದು ಇಲ್ಲಿಯೇ. ಬುಟ್ಟಿ ತುಂಬಿದುದನ್ನು ನೋಡಿ ಮೇವು ಸರಿಯಾಗಿದೆಯೆಂದು ತಿಳಿಯುವನು. ಮರಿ ಸತ್ತುದನ್ನು ನೋಡಿ ದೋಷವನ್ನು ಹುಂಜದ ಮೇಲೋ ಕಾವುಕೋಳಿಯ ಮೇಲೋ ಹೊರಿಸುವನು.

ತಿನ್ನುವ ಮೊಟ್ಟೆಯ ಕೋಳಿಗೂ ಮರಿಯ ಮೊಟ್ಟೆಯ ಕೋಳಿಗೂ ಇರುವ ಈ ಅಂತರವನ್ನು ಅಂಕೆಗಳೇ ಸ್ಪಷ್ಟಪಡಿಸುವುವು. ಅಮೆರಿಕಾ ದೇಶದ ರಾಷ್ಟ್ರೀಯ ಸಂಶೋಧನಾ ಮಂಡಲಿಯು 1994ರಲ್ಲಿ ಹೊರಡಿಸಿದ ಕೋಳಿಗಳ ಆಹಾರಾವಶ್ಯಕತೆಯ ಪಟ್ಟಿಯಲ್ಲಿ, ದಿನಕ್ಕೆ 100 ಗ್ರಾಂ ಮೇವು ತಿನ್ನುವ ಹಗುರ ಜಾತಿಯ ಬಿಳಿ ಮೊಟ್ಟೆಯ ಕೋಳಿಗೆ, ಮೊಟ್ಟೆಯು ತಿನ್ನುವುದಕ್ಕಾಗಲಿ ಮರಿಗಾಗಲಿ, ಸಸಾರಜನಕವು ನೂರಕ್ಕೆ 15, ಸುಣ್ಣದಂಶವು ನೂರಕ್ಕೆ 3.25 ಎಂದು ಒಂದೇ ಪ್ರಮಾಣವನ್ನು ಹೇಳಿದೆ. ಆದರೆ ಒಂದು ಕಿಲೋಗ್ರಾಂ ಮೇವಿನಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವವು ತಿನ್ನುವ ಮೊಟ್ಟೆಗೆ 2.5 ಮಿಲಿಗ್ರಾಂ ಸಾಕಾದರೆ ಮರಿಯ ಮೊಟ್ಟೆಗೆ 3.6 ಬೇಕು, ಪ್ಯಾಂಟೋಥೆನಿಕ್ ಆಮ್ಲವು 2 ಮಿಲಿಗ್ರಾಂ ಇದ್ದೆಡೆ 7 ಬೇಕು, ‘ಇ’ ಜೀವಸತ್ವವು 5 ಮಾನಗಳಿದ್ದೆಡೆ 10 ಬೇಕು. ಪೇಟೆಯಲ್ಲಿ ಮೂಟೆಗಟ್ಟಿ ಮಾರುವ ಸಾಮಾನ್ಯ ಮೊಟ್ಟೆಕೋಳಿಯ ಮೇವು ತಿನ್ನುವ ಮೊಟ್ಟೆಗಾಗಿಯೇ ಉದ್ದೇಶಿಸಲ್ಪಟ್ಟುದು. ಅದನ್ನೇ ತಳಿಕೋಳಿಗಳಿಗೆ ಹಾಕಿ ಮಿತವ್ಯಯ ಮಾಡಿದೆನೆಂದು ತಿಳಿಯುವವನು ನಿಜವಾಗಿ ಮಿತವ್ಯಯಿಯಲ್ಲ.

ಕೋಳಿಯು ಕಲಿಸಿದ ಪಾಠ

ಜೀವಸತ್ವಗಳೆಂಬ ಶಾಸ್ತ್ರವೇ ಕೋಳಿಯ ಮೇವಿನಿಂದ ಹುಟ್ಟಿತೆಂದರೆ ತಪ್ಪಾಗಲಾರದು. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಐಕ್‌ಮನ್ ಎಂಬ ಡಚ್ಚರ ವೈದ್ಯನು, ನುಣುಪು ಮಾಡಿದ ಅಕ್ಕಿಯ ಅನ್ನವನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ತೆಗೆಯದ ಅಕ್ಕಿಯನ್ನು ಕೊಟ್ಟೊಡನೆ ಅವು ಚೇತರಿಸಿಕೊಳ್ಳುವುದನ್ನೂ ಕಂಡನು. ಈ ಪರಿಶೋಧನೆಯು ಮನುಷ್ಯರ ಬೆರಿಬೆರಿ ರೋಗದ ಗುಟ್ಟನ್ನು ಹೊರಗೆಡಹಿತು. 1929ರಲ್ಲಿ ಆತನಿಗೆ ನೊಬೆಲ್ ಬಹುಮಾನವು ದೊರೆಯಿತು. ಮುಂದೆ 1936ರಲ್ಲಿ ವಿಲ್ಗಸ್, ನಾರಿಸ್, ಹ್ಯೂಸರ್ ಎಂಬ ಅಮೆರಿಕಾದ ವಿದ್ವಾಂಸರು, ಮರಿಗಳ ಕಾಲಿನ ನರವು ಜಾರಿ ಕಾಲು ಸೊಟ್ಟಗಾಗುವ ವ್ಯಾಧಿಗೆ ಮ್ಯಾಂಗನೀಸ್ ಎಂಬ ಲವಣದ ಕೊರತೆಯು ಕಾರಣವೆಂಬುದನ್ನು ಪ್ರಕಟಿಸಿದರು.

ಈ ಸೂಕ್ಷ್ಮಾಂಶಗಳು ಎಲ್ಲಿ ದೊರೆಯುವುವೆಂದು ವಿಚಾರಿಸಿದರೆ ಬಹು ದೂರ ಹೋಗಬೇಕಾದುದಿಲ್ಲ. ಹಿತ್ತಿಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿ ಚೆನ್ನಾಗಿ ಅನ್ವಯಿಸುವುದು. ನುಗ್ಗೆಸೊಪ್ಪು, ಅಗಸೆಸೊಪ್ಪು, ಕುದುರೆಮಸಾಲೆ ಸೊಪ್ಪು ಇವುಗಳು ‘ಎ’ ಜೀವಸತ್ವವನ್ನು ಒದಗಿಸುವುದಲ್ಲದೆ ರೈಬೋಫ್ಲೇವಿನ್ನನ್ನೂ ಕೊಡುವುವು. ಹಳದಿಯ ಮುಸುಕಿನ ಜೋಳವೂ ‘ಎ’ ಜೀವಸತ್ವಕ್ಕೆ ಆಧಾರವು. ಬಿಳಿಯ ಜೋಳದಲ್ಲಿ ಈ ಗುಣವಿಲ್ಲ. ಬೆಣ್ಣೆ ತೆಗೆದ ಮಜ್ಜಿಗೆಯು ರೈಬೋಫ್ಲೇವಿನ್ನಿಗೆ ಉತ್ತಮ ಮೂಲವಾಗಿದ್ದು, ಹಾಲು ಕರಾವಿರುವ ಮನೆಗಳಲ್ಲಿ ಸುಲಭವಾಗಿ ಒದಗುವುದು. 1948ರಲ್ಲಿ ಮೊದಲು ಪ್ರತ್ಯೇಕಿಸಲ್ಪಟ್ಟ ‘ಬಿ 12’ ಎಂಬ ಜೀವಸತ್ವವು ಧಾನ್ಯದಲ್ಲಿಯೂ ಹಿಂಡಿಯಲ್ಲಿಯೂ ಇಲ್ಲ. ಮೀನು ಮಾಂಸಾದಿಗಳಿಂದಲೇ ಬರಬೇಕು. ತಿಪ್ಪೆ ಕೆದಕುವ ಕೋಳಿಗೆ ಇದು ಹುಳುಗಳಿಂದಲೂ ಗೊಬ್ಬರದಿಂದಲೂ ಸಿಕ್ಕುತ್ತಿತ್ತು. ‘ಡಿ’ ಜೀವಸತ್ವವನ್ನು ಸೂರ್ಯನೇ ಕೊಡುವನು. ದಿನಕ್ಕೆ ಸ್ವಲ್ಪ ಹೊತ್ತು ಮೈಗೆ ಬಿಸಿಲು ಬೀಳುವಂತೆ ಆವರಣವನ್ನು ಏರ್ಪಡಿಸಿದರೆ ಸಾಕು. ಆದರೆ ನೂರಾರು ಕೋಳಿಗಳನ್ನು ಸಾಕುವವರು ಸೊಪ್ಪನ್ನು ಮಾತ್ರ ನಂಬದೆ, ತಳಿಕೋಳಿಗಳಿಗೆಂದೇ ತಯಾರಾದ ಜೀವಸತ್ವಮಿಶ್ರಣವನ್ನು ಕೊಂಡು ಬೆರೆಸುವುದೇ ಕ್ಷೇಮ.

ಸುಣ್ಣದ ಲೆಕ್ಕ

ಮೊಟ್ಟೆಯ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಚಿಪ್ಪು. ಚಿಪ್ಪಿನ ಬಹುಭಾಗವು ಸುಣ್ಣಕಲ್ಲಿನ ಜಾತಿಯದೇ. ಒಂದೊಂದು ಮೊಟ್ಟೆಯೊಡನೆ ಹೇಂಟೆಯ ದೇಹದಿಂದ ಸುಮಾರು 2 ಗ್ರಾಂ ಸುಣ್ಣದಂಶವು ಹೊರಹೋಗುವುದು. ತಿಂದ ಸುಣ್ಣದಲ್ಲಿ ಸುಮಾರು ಅರ್ಧವು ಮಾತ್ರ ಮೈಗೆ ಹತ್ತುವುದರಿಂದ ಮೊಟ್ಟೆಯಿಡುವ ದಿನ 4 ಗ್ರಾಮಿನಷ್ಟು ಕೊಡಬೇಕಾಗುವುದು. ಧಾನ್ಯಗಳಲ್ಲೆಲ್ಲಾ ರಾಗಿಯೇ ಸುಣ್ಣದಂಶದಲ್ಲಿ ಶ್ರೇಷ್ಠವೆಂಬುದು ನಿಜ. ಆದರೆ 100 ಗ್ರಾಂ ರಾಗಿಯಲ್ಲಿ ಅದು ಒಂದು ಗ್ರಾಮಿನ ಮೂರರಲ್ಲೊಂದು ಪಾಲಿನಷ್ಟು ಮಾತ್ರ ಇರುವುದು. ಕೋಳಿಯು ದಿನವೆಲ್ಲಾ ರಾಗಿಯನ್ನೇ ತಿಂದರೂ ಬೇಕಾದುದರ ಹತ್ತರಲ್ಲೊಂದು ಪಾಲೂ ಸಿಕ್ಕಲಾರದು. ರಾಗಿ ತಿನ್ನುವ ಕೋಳಿಗೆ ಸುಣ್ಣವೇಕೆಂದು ಕೇಳುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಕೊರತೆಯಾದಾಗ ಹೇಂಟೆಯು ತನ್ನ ಎಲುಬನ್ನು ಕರಗಿಸಿ ಚಿಪ್ಪನ್ನು ಕಟ್ಟುವುದು. ಇದು ಬಹುಕಾಲ ನಡೆಯದು. ಚಿಪ್ಪು ತೆಳುವಾಗುವುದು, ಕಾಲು ಸೋಲುವುದು. ತೆಳುವಾದ ಚಿಪ್ಪಿನಿಂದ ನೀರಿನಂಶವು ಬೇಗನೆ ಆರಿಹೋಗಿ ಮರಿಯು ಒಣಗುವುದು. ಕಾವುಕೋಳಿಯ ಭಾರಕ್ಕೆ ಮೊಟ್ಟೆ ಒಡೆಯುವುದೂ ಉಂಟು. ಚಿಪ್ಪು ಕಟ್ಟುವ ಕೆಲಸವು ಸುಮಾರು 20 ಗಂಟೆಗಳ ಕಾಲ, ಬಹುಭಾಗ ರಾತ್ರಿಯಲ್ಲಿಯೇ, ನಡೆಯುವುದರಿಂದ ಕಪ್ಪೆಚಿಪ್ಪಿನ ನುಚ್ಚನ್ನು ಸಂಜೆಯ ಹೊತ್ತು ಬೇರೆ ಪಾತ್ರೆಯಲ್ಲಿಟ್ಟರೆ ಹೇಂಟೆಗಳು ತಮಗೆ ಬೇಕಾದಷ್ಟನ್ನು ತಿನ್ನುವುವು. ಪುಡಿಗಿಂತ ನುಚ್ಚು ಮೇಲು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ರಾತ್ರಿಯೆಲ್ಲಾ ಒದಗುವುದು. ಆದರೆ ಇನ್ನೂ ಮೊಟ್ಟೆಗೆ ಬಾರದ ಬೆಳೆಯುವ ಮರಿಗಳಿಗೆ ಈ ಪ್ರಮಾಣದ ಸುಣ್ಣವು ಮೂತ್ರಪಿಂಡವನ್ನು ಕೆಡಿಸುವುದು. ಚಿಕ್ಕದು ದೊಡ್ಡದೆಲ್ಲಕ್ಕೂ ಒಂದೇ ತೊಟ್ಟಿಯೆಂಬ ಪದ್ಧತಿಯನ್ನು ಬಿಡಬೇಕಾದುದು ಇದಕ್ಕಾಗಿಯೇ.

ಹೆಚ್ಚಾದರೂ ಕೇಡು

ಇಷ್ಟನ್ನು ಓದಿದ ಅನುಕೂಲಸ್ಥರು, ಹಾಗಾದರೆ ಯಥೇಚ್ಛವಾಗಿ ತಿನ್ನಿಸೋಣವೆಂದು ಹೊರಡಬಾರದು. ಮಾಂಸಕ್ಕಾಗಿ ತಯಾರಾದ ಭಾರಿ ಜಾತಿಯ ತಳಿಕೋಳಿಗಳಲ್ಲಿ ಅತಿಪೋಷಣೆಯು ಅರೆಹೊಟ್ಟೆಯಷ್ಟೇ ಕೆಟ್ಟುದು. ಕೊಬ್ಬಿದ ಹೇಂಟೆಯ ಗರ್ಭದಲ್ಲಿ ಒಂದೇ ಸಲಕ್ಕೆ ಹಲವು ಹಳದಿಗಳು ಬಲಿತು, ಎರಡು ಹಳದಿಯ ಮೊಟ್ಟೆ, ಚಿಪ್ಪಿಲ್ಲದ ತೊಗಲು ಮೊಟ್ಟೆ ಮುಂತಾದುವು ಬೀಳುವುವು. ಮರಿಗೆ ಇಡತಕ್ಕ ಒಳ್ಳೆಯ ಮೊಟ್ಟೆಗಳು ಕಡಮೆಯಾಗುವುವು. ಕೊಬ್ಬಿದ ಹುಂಜವು ಹೇಂಟೆಯನ್ನು ಮೆಟ್ಟಲಾರದೆ, ಅಂಗಾಲು ಬಾತು ಮೂಲೆ ಹಿಡಿಯುವುದು. ಇಂಥ ಜಾತಿಗಳಿಗೆ ಪ್ರತಿದಿನವೂ ಮೇವನ್ನು ತೂಗಿಯೇ ಹಾಕಬೇಕು. ವಾರಕ್ಕೊಮ್ಮೆ ಹಿಂಡಿನಲ್ಲಿ ಕೆಲವನ್ನು ಹಿಡಿದು ತೂಕ ನೋಡಬೇಕು.

ಹುಂಜದ ಅವಶ್ಯಕತೆಯು ಹೇಂಟೆಯದಕ್ಕಿಂತ ಬೇರೆಯೆಂಬುದನ್ನೂ ತಿಳಿಯತಕ್ಕುದು. ಅದು ಮೊಟ್ಟೆಯಿಡುವುದಿಲ್ಲ, ಅದಕ್ಕೆ ನೂರಕ್ಕೆ ಒಂದರಷ್ಟು ಸುಣ್ಣದಂಶವೂ ಹನ್ನೆರಡರಿಂದ ಹದಿನಾಲ್ಕರಷ್ಟು ಸಸಾರಜನಕವೂ ಸಾಕು. ಆದರೆ ‘ಇ’ ಜೀವಸತ್ವವು ಬಹುಕಾಲ ಕಡಮೆಯಾದರೆ ಅದರ ವೀರ್ಯಶಕ್ತಿಯು ಕೆಡುವುದು. ಭಾರಿ ಜಾತಿಗಳ ದೊಡ್ಡ ಹಿಂಡುಗಳಲ್ಲಿ ಹುಂಜದ ಮೇವಿನ ಪಾತ್ರೆಯನ್ನು ಹೇಂಟೆಗೆ ನಿಲುಕದ ಎತ್ತರಕ್ಕೆ ತೂಗುಹಾಕಿ, ಹೇಂಟೆಯ ತೊಟ್ಟಿಗೆ ಹುಂಜದ ದಪ್ಪ ತಲೆ ಹೋಗದಂತೆ ಕಂಬಿಗಳನ್ನು ಹಾಕುವ ಪದ್ಧತಿಯಿದೆ. ಹಗುರ ಜಾತಿಗಳಲ್ಲಿ ಇದಕ್ಕೆ ವಿಪರೀತವಾದ ತೊಂದರೆಯುಂಟು: ಒಳ್ಳೆಯ ಹುಂಜವು ಕಾಳನ್ನು ಕಂಡೊಡನೆ ಹೇಂಟೆಗಳನ್ನು ಕೂಗಿ ಕರೆದು ತಿನ್ನಲು ಬಿಟ್ಟು ತಾನು ಹಿಂದೆ ನಿಲ್ಲುವುದರಿಂದ ಅದೇ ಬಡಕಲಾಗುವುದು. ಅದಕ್ಕೆ ದಿನಕ್ಕೊಮ್ಮೆ ಪ್ರತ್ಯೇಕವಾಗಿ ಮೇವು ಕೊಡುವುದು ಒಳ್ಳೆಯದು. ಹಗುರ ಜಾತಿಯಲ್ಲಿ 10-12 ಹೇಂಟೆಗಳಿಗೆ, ಭಾರಿ ಜಾತಿಯಲ್ಲಿ 8-10 ಹೇಂಟೆಗಳಿಗೆ ಒಂದು ಹುಂಜವಿರತಕ್ಕುದು.

ಕೆಟ್ಟ ಪದಾರ್ಥಗಳು

ಮೇವಿನಲ್ಲಿ ಏನಿರಬೇಕೆಂಬುದರಷ್ಟೇ ಏನಿರಬಾರದೆಂಬುದೂ ಮುಖ್ಯವು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೇಲ್ಪಟ್ಟು ಟರ್ಕಿಕೋಳಿಗಳು ಸತ್ತುವು. ಬ್ರೆಜಿಲ್ಲಿನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೇ ಅದಕ್ಕೆ ಕಾರಣವೆಂದು ಗೊತ್ತಾಯಿತು. ಅಫ್ಲಾಟಾಕ್ಸಿನ್ ಎಂಬ ಈ ಬೂಷ್ಟಿನ ವಿಷವು ಸ್ವಲ್ಪ ಪ್ರಮಾಣದಲ್ಲಿದ್ದರೆ ಕೋಳಿಯನ್ನು ಕೊಲ್ಲದೆ ಪಿತ್ತಕೋಶವನ್ನು ಕೆಡಿಸಿ ಮೊಟ್ಟೆಯನ್ನೂ ಮರಿಯನ್ನೂ ಕಡಮೆ ಮಾಡುವುದು. ಮಳೆಗಾಲದಲ್ಲಿ ನೆನೆದ ಹಿಂಡಿಯನ್ನೂ ಸರಿಯಾಗಿ ಒಣಗದ ಮುಸುಕಿನ ಜೋಳವನ್ನೂ, ಎತ್ತು ತಿನ್ನದಿದ್ದರೆ ಕೋಳಿಗಾಗಲೆಂದು ಹಾಕುವವರು ತಮ್ಮ ಕೈಯಿಂದಲೇ ವಿಷವನ್ನು ಹಾಕಿದಂತಾಗುವುದು.

ಹತ್ತಿ ಬೆಳೆಯುವ ಸೀಮೆಗಳಲ್ಲಿ ಹತ್ತಿಕಾಳಿನ ಹಿಂಡಿಯು ದನಗಳಿಗೆ ಉತ್ತಮವಾದುದಾದರೂ ತಳಿಕೋಳಿಗಳಿಗೆ ತಕ್ಕುದಲ್ಲ. ಅದರಲ್ಲಿರುವ ಗಾಸಿಪಾಲ್ ಎಂಬ ಪದಾರ್ಥವು ಮೊಟ್ಟೆಯ ಹಳದಿಯನ್ನು ಹಸುರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿಸುವುದು. ಮರಿಯ ಸಂಖ್ಯೆಯೂ ಇಳಿಯುವುದು. ಎಣ್ಣೆಯಂಶವುಳ್ಳ ತೌಡನ್ನು ಬಹುದಿನ ಕೂಡಿಟ್ಟರೆ ಕಮಟುಹಿಡಿದು ‘ಇ’ ಜೀವಸತ್ವವನ್ನು ನಾಶಮಾಡುವುದು. ಒಣಮೀನಿನಲ್ಲಿ ಉಪ್ಪೂ ಮರಳೂ ಹೆಚ್ಚಾಗಿರುವುದುಂಟು. ಕೊಳ್ಳುವಾಗ ನಾಲಗೆಗೆ ಹಚ್ಚಿ ನೋಡಿ, ನೀರಿನಲ್ಲಿ ಕದಡಿ ಮರಳನ್ನು ಪರೀಕ್ಷಿಸಬೇಕು. ಮಾಂಸದ ಮರಿಗಳಿಗೆ ರಕ್ತಭೇದಿಯನ್ನು ತಡೆಯಲು ನೈಕಾರ್ಬಜಿನ್ ಬೆರೆಸಿದ ಮೇವು ಉಳಿದಿದ್ದರೆ ಅದನ್ನು ತಳಿಕೋಳಿಗಳಿಗೆ ಎಂದಿಗೂ ಹಾಕಬಾರದು. ಹಾಕಿದಲ್ಲಿ ಕಂದು ಮೊಟ್ಟೆಗಳು ಬೆಳ್ಳಗಾಗುವುವು, ಮೊಟ್ಟೆಗಳ ಸಂಖ್ಯೆ ಕುಗ್ಗುವುದು, ಮರಿಗಳು ಒಳಗೇ ಸಾಯುವುವು.

ದೋಷವನ್ನು ಕಂಡುಹಿಡಿಯುವ ಬಗೆ

ದೋಷವು ಹುಂಜದ್ದೋ ಮೇವಿನದ್ದೋ ಎಂಬುದನ್ನು ಯಾವ ಯಂತ್ರವೂ ಇಲ್ಲದೆ ಮನೆಯಲ್ಲಿಯೇ ತಿಳಿಯಬಹುದು. ಕಾವಿಗಿಟ್ಟ ಏಳನೆಯ ದಿನ ರಾತ್ರಿ ಮೊಟ್ಟೆಯನ್ನು ದೀಪದ ಬೆಳಕಿಗೆ ಹಿಡಿದರೆ, ಬೆಳೆಯುತ್ತಿರುವ ಮೊಟ್ಟೆಯಲ್ಲಿ ಜೇಡನ ಕಾಲಿನಂತೆ ಹರಡಿದ ರಕ್ತನಾಳಗಳು ಕಾಣುವುವು. ಏನೂ ಕಾಣದೆ ತಿಳಿಯಾಗಿರುವ ಮೊಟ್ಟೆಯನ್ನು ಒಡೆದು ನೋಡಬೇಕು. ಹಳದಿಯ ಮೇಲೆ ಸಣ್ಣದಾದ ಬಿಳಿಯ ಚುಕ್ಕೆಯೊಂದೇ ಇದ್ದರೆ ಅದು ಬೀಜಗಟ್ಟದ ಮೊಟ್ಟೆ. ಆಗ ಹುಂಜವನ್ನು ವಿಚಾರಿಸತಕ್ಕುದು. ರಕ್ತದ ಬಳೆಯಾಗಲಿ ಅಗಲವಾದ ಮಚ್ಚೆಯಾಗಲಿ ಇದ್ದರೆ ಬೀಜಗಟ್ಟಿ ಅನಂತರ ಸತ್ತಿತೆಂದು ತಿಳಿಯಬೇಕು.

ಆರೋಗ್ಯವಾದ ಹಿಂಡಿನಲ್ಲಿಯೂ ಕೆಲವು ಮರಿಗಳು ಮೊದಲನೆಯ ವಾರದಲ್ಲಿಯೂ ಕಡೆಯ ಮೂರು ದಿನಗಳಲ್ಲಿಯೂ ಸಾಯುವುದು ಸಹಜ. ಆದರೆ ನಡುವಣ ದಿನಗಳಲ್ಲಿ, ಎಂದರೆ ಎಂಟರಿಂದ ಹದಿನಾಲ್ಕನೆಯ ದಿನದೊಳಗೆ, ಸಾವು ಅತ್ಯಲ್ಪವಾಗಿರಬೇಕು. ಈ ಅವಧಿಯಲ್ಲಿ ಹಲವು ಸತ್ತುವೆಂದರೆ ತಾಯಿಯ ಮೇವಿನ ಮೇಲೆ ಸಂದೇಹಪಡುವುದು ನ್ಯಾಯ. ಸತ್ತ ಮರಿಯ ಎಳೆಗರಿಯು ಗಂಟುಗಂಟಾಗಿದ್ದರೂ, ಹೊರಬಂದ ಮರಿಯ ಬೆರಳುಗಳು ಒಳಕ್ಕೆ ಮುದುರಿದ್ದರೂ ರೈಬೋಫ್ಲೇವಿನ್ನಿನ ಕೊರತೆಯನ್ನೂ, ಕೊಕ್ಕು ಗಿಳಿಯ ಕೊಕ್ಕಿನಂತೆ ಬಾಗಿ ಕಾಲು ಗಿಡ್ಡವಾಗಿದ್ದರೆ ಮ್ಯಾಂಗನೀಸಿನ ಕೊರತೆಯನ್ನೂ ಶಂಕಿಸಬೇಕು. ಎಲ್ಲ ದೋಷವೂ ಮೇವಿನದೇ ಎಂದು ಹೇಳುವುದೂ ಸರಿಯಲ್ಲ. ಒಂದು ವಾರಕ್ಕಿಂತ ಹೆಚ್ಚು ಕಾಲ ಕೂಡಿಟ್ಟ ಮೊಟ್ಟೆ, ಸೆಕೆಯ ಸ್ಥಳ, ತಾಯಿಯ ರೋಗ, ಕಾವಿನ ಏರುಪೇರು ಇವೂ ಮರಿಯನ್ನು ಕೊಲ್ಲುವುವು. ಪರೀಕ್ಷಿಸಿ ನೋಡಿದ ಬಳಿಕ ನಿರ್ಣಯಿಸಬೇಕೆಂಬುದೇ ತಾತ್ಪರ್ಯ.

ಒಂದು ಮಿಶ್ರಣ

ಹಗುರ ಜಾತಿಯ ಮತ್ತು ಮಿಶ್ರತಳಿಯ ಹೇಂಟೆಗಳಿಗೆ ಈ ಕೆಳಗಿನ ಮಿಶ್ರಣವು ಅನುಕೂಲವಾದುದು. 100 ಕಿಲೋಗ್ರಾಂ ಮೇವಿಗೆ ಹಳದಿ ಮುಸುಕಿನ ಜೋಳದ ನುಚ್ಚು 45, ರಾಗಿ 10, ಹೊಸ ತೌಡು 10, ಸೋಯಾ ಹಿಂಡಿ 15, ಕಡಲೆಕಾಯಿ ಹಿಂಡಿ 6, ಮೀನಿನ ಪುಡಿ 4, ಕಪ್ಪೆಚಿಪ್ಪಿನ ನುಚ್ಚು ಅಥವಾ ಸುಣ್ಣಕಲ್ಲಿನ ನುಚ್ಚು 7.5, ಕೋಳಿಗಳ ಲವಣಮಿಶ್ರಣ 2 ಕಿಲೋಗ್ರಾಂ, ಉಪ್ಪು 250 ಗ್ರಾಂ, ಉಳಿದ 250 ಗ್ರಾಮಿಗೆ ತಳಿಕೋಳಿಗಳ ಜೀವಸತ್ವಮಿಶ್ರಣವನ್ನು ನುಣ್ಣನೆಯ ತೌಡಿನಲ್ಲಿ ಬೆರೆಸಿ ಸೇರಿಸಬೇಕು. ಇದರಲ್ಲಿ ಸಸಾರಜನಕವು ನೂರಕ್ಕೆ ಸುಮಾರು 17, ಸುಣ್ಣದಂಶವು ಸುಮಾರು 3.5 ದೊರೆಯುವುದು. ಕಡಲೆಕಾಯಿ ಹಿಂಡಿಯೊಂದನ್ನೇ ನಂಬದಿರುವುದಕ್ಕೆ ಕಾರಣವಿದೆ: ಅದರ ಸಸಾರಜನಕದಲ್ಲಿ ಲೈಸಿನ್, ಮಿಥಿಯೋನಿನ್ ಎಂಬ ಅಂಶಗಳು ಕಡಮೆ. ಮೀನಿನ ಪುಡಿಯು ಈ ನ್ಯೂನತೆಯನ್ನು ತುಂಬುವುದಲ್ಲದೆ ‘ಬಿ 12’ ಜೀವಸತ್ವವನ್ನೂ ಕೊಡುವುದು.

ಹೇಂಟೆಯೊಂದಕ್ಕೆ ದಿನಕ್ಕೆ 100ರಿಂದ 120 ಗ್ರಾಂ ಸಾಕು. ಇದರ ಮೇಲೆ ಹಸುರು ಸೊಪ್ಪನ್ನು ಕಟ್ಟಿ ತೂಗುಹಾಕಬೇಕು. ಮೊಟ್ಟೆಯ ಹಳದಿಯ ಬಹುಭಾಗವು ಮೊಟ್ಟೆಯಿಡುವ ಹಿಂದಿನ ಹತ್ತು ದಿನಗಳಲ್ಲಿ ಶೇಖರವಾಗುವುದರಿಂದ, ಇಂದು ಮೇವನ್ನು ಬದಲಾಯಿಸಿ ನಾಳೆಯ ಮೊಟ್ಟೆಯಲ್ಲಿ ಫಲವನ್ನು ನಿರೀಕ್ಷಿಸಬಾರದು. ಮರಿಗೆ ಮೊಟ್ಟೆಗಳನ್ನು ಕೂಡಿಸಲು ತೊಡಗುವ ಮೂರು ನಾಲ್ಕು ವಾರಗಳ ಮುಂಚಿನಿಂದಲೇ ಈ ಮೇವನ್ನು ಪ್ರಾರಂಭಿಸತಕ್ಕುದು. ಬೇಸಿಗೆಯಲ್ಲಿ ಕೋಳಿಗಳು ಕಡಮೆ ತಿನ್ನುವುದರಿಂದ ಬೆಳಗಿನ ಜಾವದಲ್ಲಿಯೂ ಸಂಜೆಯ ತಂಪಿನಲ್ಲಿಯೂ ಮೇವು ಹಾಕಿ, ದಿನವಿಡೀ ತಣ್ಣೀರು ಇರುವಂತೆ ನೋಡಿಕೊಳ್ಳಬೇಕು.

ಲಾಭನಷ್ಟದ ಮಾತು

ಇಷ್ಟೊಂದು ವೆಚ್ಚ ಮಾಡುವುದು ಲಾಭಕರವೇ ಎಂದು ಜಮೀನುದಾರರು ಕೇಳುವುದು ಸಹಜ. ಹೇಂಟೆಯು ದಿನಕ್ಕೆ 120 ಗ್ರಾಂ ತಿಂದು, ಹತ್ತು ದಿನಗಳಲ್ಲಿ ಆರು ಮೊಟ್ಟೆಯಿಡುವುದೆಂದು ಭಾವಿಸಿದರೆ ಒಂದು ಮೊಟ್ಟೆಗೆ 200 ಗ್ರಾಂ ಮೇವು ತಗಲುವುದು. ನೂರು ಮೊಟ್ಟೆಗೆ 80 ಮರಿಯಾದರೆ ಒಂದು ಮರಿಗೆ ತಗಲಿದ ಮೇವು 250 ಗ್ರಾಂ. 50 ಮರಿಯಾದರೆ 400 ಗ್ರಾಂ. ಪೂರ್ಣವಾದ ಮೇವಿನ ಬೆಲೆಯು ಸಾಮಾನ್ಯ ಮೇವಿಗಿಂತ ಐದರಲ್ಲೊಂದು ಪಾಲು ಹೆಚ್ಚೆಂದು ಇಟ್ಟುಕೊಂಡರೂ, ಮೊದಲನೆಯ ಮರಿಗೆ ತಗಲಿದ ವೆಚ್ಚವು ಅಗ್ಗದ ಮೇವಿನ 300 ಗ್ರಾಮಿನ ಬೆಲೆಗೆ ಸಮನಾಗುವುದು. ಎರಡನೆಯದಕ್ಕೆ 400 ಗ್ರಾಮಿನ ಬೆಲೆ. ಅಗ್ಗದ ಮೇವಿನ ಮರಿಯೇ ದುಬಾರಿಯಾಯಿತು. ಇದರ ಮೇಲೆ ಇಪ್ಪತ್ತೊಂದು ದಿನ ಕಾವಿಗೆ ಕೂತ ಕೋಳಿಯ ಶ್ರಮವೂ, ಹೊರಬಂದರೂ ದುರ್ಬಲವಾಗಿ ಮೊದಲ ವಾರದಲ್ಲೇ ಸಾಯುವ ಮರಿಗಳ ನಷ್ಟವೂ ಲೆಕ್ಕಕ್ಕೆ ಸೇರಿಲ್ಲ.

ಗ್ರಾಮದ ಮುಖಂಡರ ಹೊಣೆ

ಹಳ್ಳಿಯಲ್ಲಿ ಕೋಳಿಯೆಂಬುದು ಬಹುಮಟ್ಟಿಗೆ ಬಡವರ ಹಾಗೂ ಹೆಂಗಸರ ಆಸ್ತಿ. ಭೂಮಿಯಿಲ್ಲದ ಮನೆಯಲ್ಲಿಯೂ ನಾಲ್ಕು ಕೋಳಿಗಳಿರುವುವು. ಮಗುವಿನ ಔಷಧಿಗೆ, ಶಾಲೆಯ ಪುಸ್ತಕಕ್ಕೆ, ಸಂತೆಯ ಉಪ್ಪುಮೆಣಸಿಗೆ ಆ ಮನೆಯೊಡತಿಯು ಕೈಚಾಚುವುದು ಗೂಡಿನ ಕಡೆಗೇ. ಅವಳಿಟ್ಟ ಹನ್ನೆರಡು ಮೊಟ್ಟೆಗಳಲ್ಲಿ ಏಳು ಕೊಳೆತುಹೋದರೆ ಅದು ಆ ಮನೆಗೆ ಬೆಳೆ ಹೋದಂತೆಯೇ ಸರಿ. ಅವಳಿಗೆ ಮೇವನ್ನು ತೂಗಿ ಬೆರೆಸುವ ಅನುಕೂಲವಿಲ್ಲ. ಅದು ಗ್ರಾಮದ ಅನುಕೂಲಸ್ಥರಿಗೆ ಇದೆ.

ಆದುದರಿಂದ ಪ್ರತಿಯೊಂದು ಗ್ರಾಮದಲ್ಲಿಯೂ ಮುಖಂಡರೊಬ್ಬರು ಹತ್ತು ಒಳ್ಳೆಯ ಹೇಂಟೆಗಳನ್ನೂ ಒಂದು ಹುಂಜವನ್ನೂ ಪ್ರತ್ಯೇಕವಾದ ಆವರಣದಲ್ಲಿಟ್ಟು, ಮೇಲೆ ಹೇಳಿದ ಮೇವನ್ನು ಕೊಟ್ಟು, ಅವುಗಳ ಮೊಟ್ಟೆಗಳನ್ನು ಮರಿಗಾಗಿಯೇ ಗ್ರಾಮಸ್ಥರಿಗೆ ಮಾರುವುದು ಯೋಗ್ಯವಾದ ಕಾರ್ಯವು. ಆವರಣದ ಸುತ್ತಲೂ ನಾಲ್ಕು ನುಗ್ಗೆ, ನಾಲ್ಕು ಅಗಸೆ ಗಿಡಗಳನ್ನು ಹಾಕಿದರೆ ನೆರಳೂ ಸೊಪ್ಪೂ ಒಟ್ಟಿಗೆ ಒದಗುವುವು. ಕಾವಿಗಿಟ್ಟ ದಿನ, ಇಟ್ಟ ಮೊಟ್ಟೆ, ಏಳನೆಯ ದಿನ ತಿಳಿಯಾಗಿ ಕಂಡುವು, ನಡುವೆ ಸತ್ತುವು, ಹೊರಬಂದ ಮರಿಗಳು ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಈ ಲೆಕ್ಕವಿಲ್ಲದೆ ದೋಷವು ಎಂದಿಗೂ ಸಿಕ್ಕಿಬೀಳದು.

ಇದರಂತೆಯೇ ಸರಕಾರದ ಇಲಾಖೆಗಳಿಗೂ ಒಂದು ಮಾತು ಸಲ್ಲುವುದು. ಮರಿಗಳನ್ನು ಹಂಚುವುದರಿಂದಲೇ ಕೋಳಿಸಾಕಣೆಯು ಬೆಳೆಯುವುದಿಲ್ಲ. ಹಂಚಿದ ಮರಿಗಳ ಸಂಖ್ಯೆಯು ವರದಿಯಲ್ಲಿ ಸೇರಿದೊಡನೆ ಕಾರ್ಯವು ಮುಗಿಯಿತೆಂದು ತಿಳಿಯುವುದು ತಪ್ಪು. ಅವು ಮೊಟ್ಟೆಗೆ ಬಂದ ಮೇಲೆ ಏನು ತಿನ್ನುವುವೆಂಬುದನ್ನೂ ವಿಚಾರಿಸಬೇಕು. ಮರಿಯೊಡನೆ ಮೇವಿನ ತಿಳಿವಳಿಕೆಯನ್ನೂ, ತಳಿಕೋಳಿಗಳ ಜೀವಸತ್ವಮಿಶ್ರಣವನ್ನು ಚಿಕ್ಕ ಪೊಟ್ಟಣಗಳಲ್ಲಿಯೂ ಹಳ್ಳಿಯವರೆಗೆ ತಲುಪಿಸಿದರೆ ಆ ಹಂಚಿಕೆಯು ಸಾರ್ಥಕವಾಗುವುದು.

ಬಿತ್ತಿದಂತೆ ಬೆಳೆಯೆಂಬುದು ಹೊಲಕ್ಕೆ ಮಾತ್ರ ಹೇಳಿದ ಮಾತಲ್ಲ. ಒಟ್ಟಲಿಗೆ ಒಳ್ಳೆಯ ಗೊಬ್ಬರವನ್ನು ಹಾಕುವ ಕೈಯೇ ತಳಿಕೋಳಿಯ ತೊಟ್ಟಿಗೂ ಒಳ್ಳೆಯ ಮೇವನ್ನು ಹಾಕಲಿ. ಮುಂದಿನ ಸಲ ಕಾವಿಗಿಟ್ಟ ಮೊಟ್ಟೆಗಳಲ್ಲಿ ಹೆಚ್ಚು ಮರಿಗಳು ಹೊರಬಂದಾಗ, ದೋಷವು ಹಿಂದೆ ಎಲ್ಲಿತ್ತೆಂಬುದು ತಾನಾಗಿಯೇ ಗೊತ್ತಾಗುವುದು.